ಓಬಳೆಪ್ಪ ವಲದ ಗಿಡ್ಡಪ್ಪ, ಸಾಕಿನ್ ಅಳವಂಡಿ

ಬಂಡೆ ಸಿಡಿಸುವ ಸುರಂಗದ ಬತ್ತಿಗೆ ಪರವಾನಿಗೆ ಇಲ್ಲದ ಕೈ ಬೆಂಕಿ ಹಚ್ಚಬಾರದು. ಇದು ಸಿಡಿಮದ್ದು ಕಾಪಿಡುವ ಮದ್ದಿನ ಕೋಠಿಯ ಮೊದಲನೆಯ ನಿಯಮವಾಗಿತ್ತು. ಕೋಠಿಯ ಒಳಗೆ ಬರುವವರು ಬೀಡಿ, ಕಡ್ಡಿಪೆಟ್ಟಿಗೆ, ಮೊಳೆ ಹೊಡೆದ ಕೆರಗಳನ್ನು ಹೊರಗೇ ಬಿಡಬೇಕೆಂಬುದು ಎರಡನೆಯದು. ಎರಡನೆಯದನ್ನು ಪಾಲಿಸುವುದು ಸುಲಭ. ಕೆರ ಕಣ್ಣಿಗೆ ಕಾಣುತ್ತದೆ. ಮೊದಲನೆಯದನ್ನು ಪಾಲಿಸಬೇಕಾದರೆ, ಎದುರಿಗೆ ನಿಂತ ಮನುಷ್ಯನೇ ಕಾಗದದ ಮೇಲಿನ ಹೆಸರಿನವನು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕಾಗಿತ್ತು.

ಅದು ೧೯೪೬ನೆಯ ಇಸವಿ. ಮುನಿರಾಬಾದಿನ ಆಚೆ ತುಂಗಭದ್ರೆಗೆ ಆಣೆಕಟ್ಟಿನ ಕೆಲಸ ನಡೆದಿತ್ತು. ಅಂಥ ಕೆಲಸಗಳಿಗೆ ಕಲ್ಲು ಒದಗಿಸುವ ಗುತ್ತಿಗೆದಾರರೊಬ್ಬರ ಗಣಿ ಕೊಪ್ಪಳದ ರಸ್ತೆಯ ಪಕ್ಕದ ಗುಡ್ಡದಲ್ಲಿತ್ತು. ನಾನು ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿ ಆ ಗಣಿಯ ಮದ್ದಿನ ಕೋಠಿಗೆ ಸಹಾಯಕನಾಗಿ ಸೇರಿದೆ. ರಸಾಯನಶಾಸ್ತ್ರವನ್ನು ನಾನು ಉರ್ದುವಿನಲ್ಲಿ ಓದಿದ್ದೆ. ಕೋಠಿಯಲ್ಲಿ ಆ ಶಾಸ್ತ್ರಕ್ಕಿಂತ ಆ ಭಾಷೆಯೇ ಹೆಚ್ಚು ಉಪಯೋಗಕ್ಕೆ ಬಂತು. ಸುರಂಗ ಸಿಡಿಸುವವರಿಗೆ ಕೊಟ್ಟ ಪರವಾನಿಗೆಗಳೂ ರದ್ದಾದ ಪರವಾನಿಗೆಗಳೂ ಸರಕಾರದ ಜರೀದಾದಲ್ಲಿ, ಅಂದರೆ ಗೆಜೆಟ್ಟಿನಲ್ಲಿ, ಪ್ರಕಟವಾಗುತ್ತಿದ್ದವು, ಮತ್ತು ಜರೀದಾ ಉರ್ದುವಿನಲ್ಲಿತ್ತು. ಅದು ಗುಟ್ಟಿನ ಕಾಗದವಲ್ಲ, ಕೇಳಿದವರು ಓದಬಹುದಾಗಿತ್ತು. ಆದರೆ ಅದರಲ್ಲಿ ಹೆಸರು ಬಂದವರ ಪೈಕಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ.

ಹಳೆಯ ಜರೀದಾಗಳ ಕಟ್ಟುಗಳನ್ನು ಬಿಚ್ಚಿ ನಾನು ಒಬ್ಬೊಬ್ಬರಿಗೆ ಒಂದೊಂದು ರಟ್ಟಿನ ಚೀಟಿ ಬರೆದಿಟ್ಟೆ. ಹೆಸರು, ತಂದೆಯ ಹೆಸರು, ವಾಸದ ಊರು, ಪರವಾನಿಗೆಯ ನಂಬರು. ಕೋಠಿಯ ಗುಮಾಸ್ತ ಜಿಲಾನಸಾಬ ಕೊಪ್ಪಳದವನು, ನನ್ನ ತಂದೆಯ ವಯಸ್ಸಿನವನು. ಅವನು ಚೀಟಿಗಳನ್ನು ದೂರದಿಂದಲೇ ನೋಡಿ ನಗುತ್ತಿದ್ದ.

“ಇಸ್ಪೀಟ ಎಲಿ ಆಟ ಆಡಾಕ ಛಲೋ ಅದಾವ ನೋಡ್ರಿ ಇವು.”

“ಹೆಸರು ಹುಡುಕಲಿಕ್ಕೆ, ಜಿಲಾನಸಾಬ.”

“ಹೆಸರ ಹುಡುಕಬೌದ್ರಿ. ಮನಿಶ್ಯಾ ಸಿಗಬೇಕಲ್ರಿ.”

ಅಳವಂಡಿಯ ಓಬಳೆಪ್ಪ ಕೋಠಿಗೆ ಬಂದದ್ದು ದೀಪಾವಳಿಗೆ ಮುಂಚೆ. ಮೂವತ್ತರ ಆಸುಪಾಸಿನ ಆಳು. ಎಡಗೈಯ ಕಿರುಬೆರಳಿನ ತುದಿ ಇರಲಿಲ್ಲ. ಕಲ್ಲು ಒಡೆಯುವುದೂ ಬಾವಿ ತೋಡುವುದೂ ಅವರ ಮನೆತನದ ಕೆಲಸ. ಅವನು ಪರವಾನಿಗೆಯ ಕಾಗದವನ್ನು ತಗಡಿನ ಕೊಳವೆಯಲ್ಲಿ ಸುತ್ತಿ ತಂದಿದ್ದ. ನಾನು ಬತ್ತಿಯ ಒಂದು ತುಂಡು ಕೊಟ್ಟು ಕತ್ತರಿಸಲು ಹೇಳಿದೆ. ಅವನು ಕತ್ತರಿಸುವ ಮೊದಲು ಬತ್ತಿಯ ತುದಿಯನ್ನು ಮೂಸಿ, ತೇವ ಹಿಡಿದಿದೆ ಎಂದು ಅಷ್ಟನ್ನು ಚಿವುಟಿ ಎಸೆದ. ಇಂಥವನು ನಮಗೆ ಬೇಕಾಗಿತ್ತು. ಮಾರ್ಗಶಿರದ ಅಮಾವಾಸ್ಯೆಯೊಳಗೆ ಸುರಂಗದವರ ಪಟ್ಟಿ ಇಂಜಿನಿಯರರಿಗೆ ಹೋಗಬೇಕಿತ್ತು. ಪಟ್ಟಿಯಲ್ಲಿ ಹೆಸರಿದ್ದವನಿಗೆ ಕಾಯಂ ಕೆಲಸ. ಇಲ್ಲದವನು ತಲೆಯ ಮೇಲೆ ಕಲ್ಲು ಹೊರುವ ಗುಂಪಿಗೆ.

ನಾನು ಚೀಟಿ ತೆಗೆದೆ. ‘ಓಬಳೆಪ್ಪ ವಲದ ಗಿಡ್ಡಪ್ಪ, ಸಾಕಿನ್ ಅಳವಂಡಿ.’ ಅಂದರೆ ಗಿಡ್ಡಪ್ಪನ ಮಗ ಓಬಳೆಪ್ಪ, ವಾಸ ಅಳವಂಡಿ. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ ಕೆಂಪು ಮಸಿಯ ಟಿಪ್ಪಣಿ ಇತ್ತು: ‘ಪರವಾನಿಗೆ ರದ್ದು. ೧೩೫೨ ಫಸಲಿ. ತಳಕಲ್ ಸೀಮೆಯ ಬಾವಿಯಲ್ಲಿ ಅಜಾಗರೂಕತೆಯಿಂದ ಸುರಂಗ ಹಚ್ಚಿ ಒಬ್ಬ ಕೂಲಿಯ ಸಾವಿಗೆ ಕಾರಣನಾದದ್ದರಿಂದ.’

ಫಸಲಿ ೧೩೫೨ ಎಂದರೆ ಮೂರು ನಾಲ್ಕು ವರ್ಷದ ಹಿಂದಿನ ಮಾತು. ಇದನ್ನು ನಾನು ಅವನಿಗೆ ಓದಿ ಹೇಳಿದೆ. ಅವನು ಕೈಯಲ್ಲಿದ್ದ ಬತ್ತಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

“ಯಾರಂತ ಬರದಾರ್ರಿ?”

“ನೀನಂತ.”

“ನಾ ಆವಾಗ ಕುಷ್ಟಗಿ ಸೀಮ್ಯಾಗ ಇದ್ನಿರಿ. ಅಲ್ಲೆ ಗೌಡರ ಬಾವಿ ತೋಡಾಕ ಹತ್ತಿದ್ವಿ. ತಳಕಲ್ಲಿಗೆ ನಾ ಮಣ್ಣಿಗೆ ಹೋಗೇನ್ರಿ, ಸುರಂಗ ಹಚ್ಚಾಕ ಅಲ್ಲ.”

“ಯಾರ ಮಣ್ಣಿಗೆ?”

“ನಮ್ಮ ಅಜ್ಜಪ್ಪಂದು. ನಮ್ಮ ದೊಡ್ಡಪ್ಪನ ಮಗ. ಅವನ ಸತ್ತಾನ್ರಿ ಅಲ್ಲೆ.”

“ಹಾಗಾದರೆ ಹಚ್ಚಿದ ಓಬಳೆಪ್ಪ ಯಾರು?”

“ನನಗ ಗೊತ್ತಿಲ್ರಿ” ಎಂದ ಅವನು. ಅದುವರೆಗೆ ನನ್ನ ಮುಖ ನೋಡಿ ಮಾತನಾಡುತ್ತಿದ್ದವನು ಆ ಒಂದು ಮಾತನ್ನು ಬಾಗಿಲ ಕಡೆಗೆ ನೋಡಿ ಹೇಳಿದ. ನಾನು ಅದನ್ನು ಗಮನಿಸಿದೆ, ಆದರೆ ತಪ್ಪಿತಸ್ಥನ ಲಕ್ಷಣವೆಂದು ಎಣಿಸಿದೆ.

ಅವನ ಕಾಗದವನ್ನು ಮತ್ತೊಮ್ಮೆ ಪರಿಶೀಲಿಸಿದಾಗ ಅದರ ನಂಬರು ನನ್ನ ಚೀಟಿಯ ನಂಬರಿಗೆ ಸರಿಹೊಂದಲಿಲ್ಲ. ಹಿಂದಿನ ಜರೀದಾಗಳನ್ನು ತಿರುವಿದೆ. ಒಂದೇ ವರ್ಷದಲ್ಲಿ ಅಳವಂಡಿಯ ಓಬಳೆಪ್ಪ ವಲದ ಗಿಡ್ಡಪ್ಪನಿಗೆ ಎರಡು ಪರವಾನಿಗೆಗಳು ಸಿಕ್ಕಿದ್ದವು, ಬೇರೆ ಬೇರೆ ನಂಬರಿನವು. ಚೀಟಿ ಬರೆಯುವಾಗ ಇದು ಅಚ್ಚಿನ ಪುನರಾವೃತ್ತಿ ಎಂದು ನಾನು ಒಂದನ್ನು ಬಿಟ್ಟಿದ್ದೆ. ರದ್ದತಿಯ ಪ್ರಕಟಣೆಯಲ್ಲಿ ಹೆಸರು ಮಾತ್ರ ಇತ್ತು, ನಂಬರು ಇರಲಿಲ್ಲ. ಆದ್ದರಿಂದ ಓಬಳೆಪ್ಪಂದಿರು ಇಬ್ಬರು. ಒಬ್ಬ ನನ್ನ ಮುಂದೆ ನಿಂತಿದ್ದಾನೆ. ಇನ್ನೊಬ್ಬ ಎಲ್ಲಿ?

ಜಿಲ್ಲೆಯ ಕಚೇರಿಗೆ ತಳಕಲ್ಲಿನ ಪಂಚನಾಮೆಯ ನಕಲು ಕೇಳಿ ಬರೆದೆ. ಅಳವಂಡಿಯಲ್ಲಿ ಆ ಹೆಸರಿನವನು ಈಗ ಇನ್ನೊಬ್ಬನಿಲ್ಲ ಎಂದು ತಿಳಿದುಬಂತು. ಅವನು ಊರು ಬಿಟ್ಟಿರಬೇಕೆಂದು, ಉತ್ತರ ಬರುವವರೆಗೆ, ಕೋಠಿಯ ಕೆಲಸಕ್ಕೆಂದು ಹೋದ ಊರುಗಳಲ್ಲೆಲ್ಲ ವಿಚಾರಿಸಿದೆ. ಓಬಳೇಶ ಮನೆದೇವರಾದ ಮನೆಗಳಲ್ಲಿ ಆ ಹೆಸರು ಸಾಮಾನ್ಯ. ಕುಷ್ಟಗಿಯಲ್ಲಿ ಸಿಕ್ಕ ಓಬಳೆಪ್ಪ ಮುದುಕ. ಅವನ ಪರವಾನಿಗೆ ನಾನು ಹುಟ್ಟುವ ಮೊದಲಿನದು, ಕಣ್ಣೂ ಕಾಣುತ್ತಿರಲಿಲ್ಲ. ಯಲಬುರ್ಗಿಯ ಓಬಳೆಪ್ಪ ಹಲಗೆ ಬಾರಿಸುವವನು. ಅವನ ತಂದೆಯ ಹೆಸರು ಬೇರೆ. ಗಂಗಾವತಿಯ ಆಚೆ ಸಿದ್ದಾಪುರದಲ್ಲಿ ಒಬ್ಬ ಓಬಳೆಪ್ಪ ವಲದ ಗಿಡ್ಡಪ್ಪ ಇದ್ದಾನೆಂದು ತಿಳಿದು ಆಸೆಯಿಂದ ಹೋದೆ. ಅವನು ಬಂಡಿಯ ಗಾಲಿಗೆ ಪಟ್ಟಿ ಕಟ್ಟುತ್ತಿದ್ದ.

“ಸುರಂಗಾನಾ?” ಎಂದು ಅವನು ಸುತ್ತಿಗೆ ಕೆಳಗಿಟ್ಟ. “ಅಯ್ಯ ಸ್ವಾಮಿ, ಬಾವ್ಯಾಗ ಬಗ್ಗಿ ನೋಡಿದ್ರ ನನಗ ತಲಿ ತಿರಗತೈತಿ. ನಮ್ಮಾಕಿನ್ನ ಕೇಳ್ರಿ ಬೇಕಾರ. ದೀಪಾವಳ್ಯಾಗ ಪಟಾಕಿ ಹಚ್ಚಿದ್ರ ಒಳಗ ಹೋಗಿ ಕುಂದರತೀನಿ.”

ಒಳಗಿನಿಂದ ಹೆಂಗಸಿನ ದನಿ ಬಂತು: “ಖರೇನ ಹೇಳಾಕ ಹತ್ಯಾರ್ರಿ! ಅದೊಂದ ಖರೆ ಹೇಳ್ತಾರ ನೋಡ್ರಿ ಇವರು!”

ಪಂಚನಾಮೆಯ ನಕಲು ಬಂತು. ಉರ್ದುವಿನ ಎರಡು ಪುಟ. ಮೃತನ ಹೆಸರು ಅಜ್ಜಪ್ಪ ವಲದ ಗಿಡ್ಡಪ್ಪ, ಕೂಲಿ, ಸಾಕಿನ್ ಅಳವಂಡಿ; ಗುರುತಿಸಿದವರು ಬಾವಿಯ ಮಾಲೀಕರು. ಸುರಂಗ ಹಚ್ಚಿದವನ ಹೆಸರು ಓಬಳೆಪ್ಪ ವಲದ ಗಿಡ್ಡಪ್ಪ, ಸಾಕಿನ್ ಅಳವಂಡಿ. ಹೇಳಿಕೆ ಕೊಟ್ಟವರು ಮೃತನ ಹೆಂಡತಿ ಹುಲಿಗವ್ವ. ಬತ್ತಿ ಗಿಡ್ಡವಾಗಿದ್ದದ್ದು ಅಪಘಾತಕ್ಕೆ ಕಾರಣ. ಹಚ್ಚಿದವನು ಸ್ಥಳದಲ್ಲಿ ಸಿಗಲಿಲ್ಲ.

ಈ ಪುಟಗಳಲ್ಲಿ ಅಂಕಿಗಳು ತಪ್ಪಿಲ್ಲದಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ. ಬಾವಿಯ ತಳದಲ್ಲಿ ಸುರಂಗ ಹಚ್ಚಿದವನು ಹಗ್ಗ ಹಿಡಿದು ಕೊನೆಯಲ್ಲಿ ಮೇಲೆ ಬರುತ್ತಾನೆ. ಕೂಲಿಗಳು ಅದಕ್ಕಿಂತ ಬಹಳ ಮುಂಚೆ ಮೇಲೆ ಬಂದಿರುತ್ತಾರೆ. ಬತ್ತಿ ಗಿಡ್ಡವಾದರೆ ಮೊದಲು ಸಾಯಬೇಕಾದವನು ಹಚ್ಚಿದವನೇ. ಇಲ್ಲಿ ಹಚ್ಚಿದವನು ಬದುಕಿ ಓಡಿಹೋಗಿದ್ದ, ಕೂಲಿ ಸತ್ತಿದ್ದ. ಕಾಗದವನ್ನು ಎಷ್ಟು ಸಾರಿ ಓದಿದರೂ ಈ ತೊಡಕು ಬಿಡಲಿಲ್ಲ.

ಅದು ಬಿಟ್ಟದ್ದು ಗಂಗಾವತಿಯ ನಮ್ಮ ಮನೆಯಲ್ಲಿ, ದೀಪಾವಳಿಯ ಪಾಡ್ಯದ ದಿನ. ನಮ್ಮದು ಕಾಳುಕಡಿಯ ವ್ಯಾಪಾರದ ಮನೆ. ನಮ್ಮ ಅಜ್ಜನ ಹೆಸರು ಕೊಟ್ರಬಸಪ್ಪ. ನನ್ನ ತಮ್ಮನಿಗೂ ಅದೇ ಹೆಸರಿಟ್ಟಿದ್ದಾರೆ. ನಮ್ಮ ತಾಯಿ ಅನ್ನಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಅವನನ್ನು ಊಟಕ್ಕೆ ಕರೆಯುತ್ತಿದ್ದಳು.

“ಸಾವಕಾರಪ್ಪಾ, ಏ ಸಾವಕಾರಪ್ಪಾ! ಎಲ್ಲಿ ಹೋಗ್ಯಾನೋ ಏನೋ ಇವ. ಬಾರೋ, ಹೋಳಿಗಿ ಆರತಾವ!”

ಇಪ್ಪತ್ತು ವರ್ಷ ಕೇಳಿದ ಕೂಗು ಅದು. ಸೊಸೆಯಾದವಳು ಮಾವನ ಹೆಸರನ್ನು ಬಾಯಿಂದ ಆಡುವುದಿಲ್ಲ. ಮಗನಿಗೆ ಮಾವನ ಹೆಸರನ್ನೇ ಇಟ್ಟಾಗ ಮಗನನ್ನೂ ಆ ಹೆಸರಿನಿಂದ ಕರೆಯುವಂತಿಲ್ಲ. ಬೇರೊಂದು ಹೆಸರು ಹುಡುಕಿಕೊಳ್ಳುತ್ತಾಳೆ. ತಾಯಿ ಕರೆದದ್ದನ್ನು ಓಣಿ ಕರೆಯುತ್ತದೆ, ಓಣಿ ಕರೆದದ್ದನ್ನು ಊರು ಕರೆಯುತ್ತದೆ. ಗಂಗಾವತಿಯಲ್ಲಿ ನನ್ನ ತಮ್ಮನನ್ನು ಕೊಟ್ರಬಸಪ್ಪನೆಂದು ಕೇಳಿದರೆ ಮನೆ ತೋರಿಸುವವರು ಕಡಿಮೆ.

ಅಜ್ಜಪ್ಪ ಎಂಬುದು ಯಾರ ಹೆಸರು? ಅಜ್ಜನ ಹೆಸರು ಹೊತ್ತವನಿಗೆ ತಾಯಿ ಇಟ್ಟುಕೊಂಡ ಹೆಸರು. ಹೋಳಿಗೆ ಉಂಡು ನಾನು ಮರುದಿನವೇ ಗಣಿಗೆ ಹಿಂದಿರುಗಿದೆ.

ಓಬಳೆಪ್ಪ ಅಷ್ಟರಲ್ಲಿ ಕಲ್ಲು ಹೊರುವ ಗುಂಪಿಗೆ ಸೇರಿದ್ದ. ಅವನನ್ನು ಕೋಠಿಯ ಬೇವಿನ ಮರದ ಕೆಳಗೆ ಕರೆಸಿದೆ. ತಲೆಯ ಮೇಲಿನ ಸಿಂಬಿಯನ್ನು ತೆಗೆಯದೆ ಅವನು ಹಾಗೆಯೇ ನಿಂತ.

“ನಿಮ್ಮ ಅಜ್ಜನ ಹೆಸರೇನು?”

“ಓಬಳೆಪ್ಪ ರೀ.”

“ಅವನ ಮಕ್ಕಳು?”

“ದೊಡ್ಡ ಗಿಡ್ಡಪ್ಪ, ಸಣ್ಣ ಗಿಡ್ಡಪ್ಪ. ನಮ್ಮಪ್ಪ ಸಣ್ಣಾಂವ.”

“ನಿನ್ನ ತಾಯಿ ನಿನ್ನನ್ನು ಏನಂತ ಕರೆಯುತ್ತಾಳೆ?”

ಅವನು ಇಷ್ಟು ದೊಡ್ಡವನಾದರೂ ನಾಚಿಕೊಂಡ. “ಮುದಿಯಪ್ಪ ಅಂತಾಳ್ರಿ.”

“ದೊಡ್ಡ ಗಿಡ್ಡಪ್ಪನ ಮಗನ ಪರವಾನಿಗೆಯ ಹೆಸರೇನು?”

ಅವನು ಸಿಂಬಿ ತೆಗೆದು ಕೈಯಲ್ಲಿ ಹಿಡಿದ. “ನಿಮಗ ಗೊತ್ತಾಗೇತಲ್ರಿ. ಮತ್ಯಾಕ ಕೇಳ್ತೀರಿ?”

“ಆ ದಿನವೇ ಯಾಕೆ ಹೇಳಲಿಲ್ಲ?”

“ಹೇಳಿದ್ರ ಏನಾಗತೈತ್ರಿ? ಅಜ್ಜಪ್ಪ ತನ್ನ ಕೈಯಾರೆ ಸತ್ತ ಅಂತ ಬರೀತೀರಿ. ಅಳವಂಡ್ಯಾಗ ಯಾರೂ ಹಂಗ ಅಂದಿಲ್ಲ. ಬತ್ತಿ ಕೆಟ್ಟಿತ್ತು, ಕಲ್ಲ ಕೆಟ್ಟಿತ್ತು ಅಂತಾರ. ನಮ್ಮ ಅತ್ತಿಗಿ ಹುಲಿಗವ್ವನ ಮುಂದ ಅಂತೂ ಯಾರೂ ಅನ್ನೂದಿಲ್ಲ. ಕಲ್ಲ ಹೊರೂದ ಏನ್ ದೊಡ್ಡ ಮಾತ ಬಿಡ್ರಿ.”

ದೊಡ್ಡ ಮಾತಾಗಿತ್ತು. ಅವನ ಕುತ್ತಿಗೆಯ ಹಿಂದೆ ಆಗಲೇ ಹುಣ್ಣಾಗಿತ್ತು, ಮತ್ತು ಗುಡ್ಡದ ಆ ಕಡೆ ಸುರಂಗ ಸಿಡಿದಾಗಲೆಲ್ಲ ಅವನು ನಡೆಯುವುದನ್ನು ನಿಲ್ಲಿಸಿ ಸದ್ದು ಕೇಳುತ್ತಿದ್ದನೆಂದು ಜಿಲಾನಸಾಬ ಹೇಳಿದ್ದ. ‘ಸದ್ದು ಕೇಳಿ, ಇದು ಛಲೋ ಹತ್ತಿಲ್ಲ, ಇದು ಛಲೋ ಹತ್ತೇತಿ ಅಂತಾನ್ರಿ. ಹುಚ್ಚನಂಗ.’

ನಾನು ಇದ್ದ ಸಂಗತಿಯನ್ನು ಜಿಲ್ಲೆಗೆ ಬರೆದೆ. ಉತ್ತರ ಬೇಗ ಬಂತು: ಹೇಳಿಕೆಯನ್ನು ಕೊಟ್ಟವರೇ ತಿದ್ದಬೇಕು, ನೆಂಟರ ಮಾತು ಸಾಲದು. ಮೃತ ಅಜ್ಜಪ್ಪನ ಹೆಂಡತಿ ತನ್ನ ಗಂಡನ ನಿಜನಾಮವನ್ನು ಸಾಕ್ಷಿಗಳ ಎದುರು ತನ್ನ ಬಾಯಿಂದ ಹೇಳಿದರೆ, ಮದ್ದಿನ ಕೋಠಿಯ ಜವಾಬ್ದಾರ ನೌಕರನು ಬರೆದುಕೊಂಡು ಕಳಿಸಬಹುದು.

ಜಿಲಾನಸಾಬ ಕಾಗದವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. “ಗಂಡನ ಹೆಸರು. ಅದ ಮಾವನ ಅಪ್ಪನ ಹೆಸರೂ ಹೌದು. ಆಕಿ ಬಾಯಿಂದ! ಇದರಕಿಂತ ಗುಡ್ಡ ಒಡಿಯೂದ ಸಸಾರ ಬಿಡ್ರಿ.”

ಅಮಾವಾಸ್ಯೆಗೆ ಮೂರು ದಿನ ಇರುವಾಗ ನಾವಿಬ್ಬರೂ ಬಂಡಿಯಲ್ಲಿ ಅಳವಂಡಿಗೆ ಹೋದೆವು. ಊರ ಪಟೇಲರು ವಿರುಪಣ್ಣನವರು ಸಾಕ್ಷಿಗೆ ಬಂದರು. ಹುಲಿಗವ್ವನ ಮನೆ ಊರ ಅಂಚಿನಲ್ಲಿತ್ತು; ಕಲ್ಲಿನ ಗೋಡೆ, ಗೋಡೆಯ ಕೆಲಸ ಅಚ್ಚುಕಟ್ಟು. ಅವಳು ಕಟ್ಟೆಯ ಮೇಲೆ ನವಣೆ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಮತ್ತೊಬ್ಬ ಹೆಂಗಸು, ಪಕ್ಕೀರವ್ವ. ಸತ್ತವನ ತಂಗಿ, ಅದೇ ಓಣಿಗೆ ಕೊಟ್ಟವಳು. ಓಬಳೆಪ್ಪ ನಮ್ಮೊಡನೆ ಬರಲು ಒಪ್ಪಿರಲಿಲ್ಲ.

ನಾನು ಬಂದ ಕಾರಣ ಹೇಳಿದೆ. ಹುಲಿಗವ್ವ ಮೊರದ ಮೇಲಿಂದ ಕಣ್ಣೆತ್ತಲಿಲ್ಲ.

“ಅವತ್ತ ಎಲ್ಲಾ ಹೇಳೇನಲ್ರಿ. ಹಗ್ಗ ಎಳಿಯೂ ಹೆಣಮಕ್ಕಳಾಗ ನಾನೂ ಇದ್ನಿ. ಸುರಂಗ ಹಚ್ಚಿದವರು ಯಾರು ಅಂತ ಕೇಳಿದ್ರು. ಅವರ ಹಚ್ಚಿದ್ರು ಅಂದ್ನಿ.”

“ಅವರು ಅಂದರೆ?”

“ಅವರು ರೀ.”

“ಹೆಸರು?”

“ಅವತ್ತೂ ಹಿಂಗ ಕೇಳಿದ್ರು ನೋಡವ್ವ,” ಎಂದು ಅವಳು ಪಕ್ಕೀರವ್ವನ ಕಡೆಗೆ ತಿರುಗಿದಳು. “ದೊಡ್ಡ ದೊಡ್ಡ ಸಾಲಿ ಕಲತಾರ. ಮನ್ಯಾಗ ಇವರವ್ವ ಇವರಪ್ಪನ ಹೆಸರ ಹಿಡದ ಕೂಗತಾಳೇನ?”

ಪಟೇಲರು ನಕ್ಕರು. ನಾನು ನಗಲಿಲ್ಲ, ಆ ಪ್ರಶ್ನೆಯಿಂದಲೇ ನಾನು ಅಲ್ಲಿಗೆ ಬಂದಿದ್ದೆ.

“ಪಂಚನಾಮಿ ಬರಿಯಾಕ ಬಂದ ಗುಮಾಸ್ತ ಸಿಟ್ಟಿಗೆದ್ದನ್ರಿ,” ಎಂದಳು ಪಕ್ಕೀರವ್ವ. “ನಾನ ಹೇಳಿದ್ನಿ ಹೆಸರ. ನಮ್ಮಣ್ಣ, ನನಗೇನ ಅಡ್ಡಿ? ಓಬಳೆಪ್ಪ, ಅಪ್ಪನ ಹೆಸರು ಗಿಡ್ಡಪ್ಪ ಅಂತ. ಆಂವ ಆಗಲೇ ಸತ್ತವನ ಹೆಸರ ಅಜ್ಜಪ್ಪ ಅಂತ ಬರಕೊಂಡ ಕುಂತಿದ್ದ. ಬಾವಿ ಧಣಿ ಹೇಳಿದ್ದ ಅದನ್ನ. ಒಬ್ಬವನ್ನ ಇಬ್ಬರ ಮಾಡ್ಯಾರ ಅಂತ ನಮಗೇನ ಗೊತ್ತ್ರಿ?”

ಹೀಗೆ ಒಬ್ಬ ಮನುಷ್ಯ ಕಾಗದದಲ್ಲಿ ಇಬ್ಬರಾದ. ಊರು ಕರೆದ ಹೆಸರಿನವನು ಸತ್ತ. ಪರವಾನಿಗೆಯ ಹೆಸರಿನವನು ಕೊಂದ. ಆಮೇಲೆ ಆ ಎರಡನೆಯ ಹೆಸರು ಬದುಕಿದ್ದ ಒಬ್ಬನ ಹೆಗಲೇರಿತು. ಯಾರೂ ಸುಳ್ಳು ಹೇಳಿರಲಿಲ್ಲ.

ನಾನು ಹುಲಿಗವ್ವನಿಗೆ ಉಳಿದದ್ದನ್ನೂ ವಿವರಿಸಿದೆ. ಅವಳು ಹೆಸರು ಹೇಳದಿದ್ದರೆ ಅವಳ ಮೈದುನನಿಗೆ ಸುರಂಗದ ಕೆಲಸ ಎಂದಿಗೂ ಸಿಗುವುದಿಲ್ಲ. ಅವಳು ಮೊರವನ್ನು ಕೆಳಗಿಟ್ಟಳು.

“ನಮ್ಮ ಮುದಿಯಪ್ಪ ಕಲ್ಲ ಹೊರಾಕ ಹತ್ಯಾನ?”

“ಹೌದು.”

“ನನಗ ಹೇಳೇ ಇಲ್ಲ.” ಸೆರಗಿನ ಹೊಟ್ಟು ಕೊಡವಿ ಕೇಳಿದಳು: “ಹೆಸರ ಹೇಳಿದ್ರ, ನಮ್ಮ ಮನಿಯವರ ಹೆಸರ ಮ್ಯಾಲ ಏನ ಬರೀತೀರಿ?”

ಸುಳ್ಳು ಹೇಳಿದರೆ ಕೆಲಸ ಸುಲಭವಾಗುತ್ತಿತ್ತು. “ಅಜಾಗರೂಕತೆಯಿಂದ ಹಚ್ಚಿದರು, ಪರವಾನಿಗೆ ರದ್ದು ಎಂದು ಬರೆಯುತ್ತೇನೆ. ಅದು ಈಗಾಗಲೇ ಬರೆದದ್ದೇ. ಯಾರ ಮೇಲೆ ಎಂಬುದಷ್ಟೇ ಬದಲಾಗುತ್ತದೆ.”

“ಎಷ್ಟ ದಿನ ಇರತೈತಿ ಅದು?”

“ಅಚ್ಚಾಗಿದೆ. ಇರುತ್ತದೆ.”

ಅವಳು ಎದ್ದು, ಗಡಿಗೆ ಎತ್ತಿಕೊಂಡು ನೀರಿಗೆ ಹೋದಳು. ಮನೆಯೊಳಗಿನ ನೀರಿನ ಹರವಿ ತುಂಬಿದ್ದದ್ದು ಬಾಗಿಲಿನಿಂದ ನನಗೆ ಕಾಣಿಸುತ್ತಿತ್ತು. ಪಟೇಲರು ಎಲೆಯಡಿಕೆ ತೆಗೆದರು. ಜಿಲಾನಸಾಬ ಬರೆಯಲು ಹರಡಿದ ಕಾಗದದ ಮೇಲೆ ನವಣೆಯ ಹೊಟ್ಟು ಹಾರಿ ಬಂದು ಕೂತಿತು, ಅವನು ಅದನ್ನು ಊದಿ ಊದಿ ಬೇಸತ್ತು, “ಹೋಗೂನ್ರಿ?” ಎಂದು ಪಿಸುಗುಟ್ಟಿದ. ನಾನು ಏಳಲಿಲ್ಲ.

ಹುಲಿಗವ್ವ ತುಂಬಿದ ಗಡಿಗೆಯನ್ನು ನಡುವಿಗೆ ಇಟ್ಟುಕೊಂಡು ಬಂದಳು. ನಮ್ಮ ಕಡೆ ನೋಡದೆ ನೇರವಾಗಿ ಬಾಗಿಲಿಗೆ ನಡೆದಳು. ಆಗ ಪಕ್ಕೀರವ್ವ ಎದ್ದು, ಅವಳಿಗಿಂತ ಮುಂಚೆ ಹೊಸ್ತಿಲು ದಾಟಿ ಒಳಗೆ ಹೋಗಿ, ಎರಡು ಕೈಗಳನ್ನೂ ಚಾಚಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು.

“ಹೆಸರ ಹೇಳು. ಒಳಗ ಬಿಡತೀನಿ.”

ನಮ್ಮ ಕಡೆಯ ಮದುವೆಗಳಲ್ಲಿ ಹೊಸ ಸೊಸೆಯನ್ನು ನಾದಿನಿ ಹೀಗೆ ತಡೆಯುತ್ತಾಳೆ. ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಿದರೆ ಮಾತ್ರ ದಾರಿ ಬಿಡುತ್ತಾಳೆ. ಬಾಯಿಗೆ ಬಾರದ ಹೆಸರಿಗೆ ಇರುವ ದಾರಿ ಅದೊಂದೇ, ಮತ್ತು ಅದು ಮುತ್ತೈದೆಯರಿಗೆ ಮಾತ್ರ. ವಿರುಪಣ್ಣನವರು ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ನಿಲ್ಲಿಸಿದರು.

“ಏನ ಹುಚ್ಚ ಹಿಡದೈತೆ ನಿನಗ?” ಎಂದಳು ಹುಲಿಗವ್ವ. “ಬಿಡು. ಗಡಿಗಿ ಭಾರ ಐತಿ.”

“ಭಾರ ಇರಲಿ. ಮದಿವಿ ದಿನ ನಿನ್ನ ಇದ ಬಾಗಲದಾಗ ಇದ ನಾನ ತಡದಿದ್ನಿ. ಎಷ್ಟ ಜಂಬದಿಂದ ಹೇಳಿದ್ದಿ. ಮರತೀಯೇನು?”

“ನಾ ಈಗ ಹೇಳೂ ಹಂಗಿಲ್ಲ. ನಿನಗ ಗೊತ್ತೈತಿ.”

“ನನಗ ಗೊತ್ತೈತಿ. ತಡಿಯೂ ಹಂಗ ನನಗೂ ಇಲ್ಲ. ನಾ ತಡದೇನಿ. ನೀ ಹೇಳು.”

ಗಡಿಗೆಯ ನೀರು ತುಳುಕಿ ಹುಲಿಗವ್ವನ ಸೀರೆಯ ಅಂಚು ತೊಯ್ದಿತು. ಅವಳು ನಮಗೆ ಬೆನ್ನು ತಿರುಗಿಸಿ ನಿಂತಿದ್ದಳು. ಆದ್ದರಿಂದ ಹೇಳುವಾಗ ಅವಳ ಮುಖ ಹೇಗಿತ್ತೆಂದು ನಾನು ಬರೆಯಲಾರೆ. ದನಿ ಮಾತ್ರ ಸ್ಪಷ್ಟವಾಗಿತ್ತು.

“ಕರಿಕಲ್ಲ ಒಡದರ ಬಿಳಿ ಕಿಡಿ ಹಾರತಾವ,
ಗಿಡ್ಡಪ್ಪನ ಮಗ ಓಬಳೆಪ್ಪ ಬರತಾರ, ಬಾಗಲ ಬಿಡವ್ವ.”

ಪಕ್ಕೀರವ್ವ ಕೈ ಇಳಿಸಿ ಪಕ್ಕಕ್ಕೆ ಸರಿದಳು. ಹುಲಿಗವ್ವ ಒಳಗೆ ಹೋಗಿ ಗಡಿಗೆ ಇಳಿಸಿದ ಸದ್ದು ಕೇಳಿಸಿತು. ಬಳಿಕ ಒಳಗಿನಿಂದಲೇ ಮಾತನಾಡಿದಳು.

“ಬರಕೋರಿ. ಬತ್ತಿ ಗಿಡ್ಡ ಆಗಿತ್ತು. ಗಿಡ್ಡ ಐತಿ ಅಂತ ಮ್ಯಾಲಿಂದ ನಾ ಕೂಗಿ ಹೇಳಿದ್ನಿ. ಇರಲಿ ಬಿಡು ಅಂದ್ರು. ಓಡಿ ಬಂದ್ರು, ಹಗ್ಗಕ್ಕ ಕೈ ಹಾಕಿದ್ರು, ಕೈ ಜಾರಿತು. ಇದನ್ನೂ ಬರಕೋರಿ. ಸತ್ತವರ್ಗೆ ಪರವಾನಿಗಿ ತಗೊಂಡ ಏನ ಮಾಡೂದೈತಿ.”

ಜಿಲಾನಸಾಬ ಲೇಖನಿ ಎತ್ತಿ ನನ್ನನ್ನು ನೋಡಿದ. “ಹಾಡೂ ಬರೀಲೇನ್ರಿ?”

ಹೇಳಿಕೆಯನ್ನು ಹೇಳಿದವರ ಮಾತಿನಲ್ಲೇ ಬರೆಯಬೇಕೆಂಬುದು ನಿಯಮ. ಬರೆಯಲು ಹೇಳಿದೆ. ಹುಲಿಗವ್ವ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಗುರುತು ಒತ್ತಿದಳು. ಪಟೇಲರು ಸಹಿ ಮಾಡಿದರು. ಅದನ್ನು ಉರ್ದುವಿಗೆ ತಿರುಗಿಸಲು ಜಿಲಾನಸಾಬನಿಗೆ ಒಂದು ದಿನ ಹಿಡಿಯಿತು. ಕಿಡಿಗಳು ಹಾರುವ ಕಡೆ ಅವನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದ.

ಪಟ್ಟಿಯನ್ನು ಇಂಜಿನಿಯರರಿಗೆ ಕಳಿಸುವ ದಿನ ನಾನು ಓಬಳೆಪ್ಪನ ಹೆಸರನ್ನು ಹೇಳಿಕೆಯ ನಕಲಿನೊಂದಿಗೆ ಸೇರಿಸಿದೆ. ಜಿಲ್ಲೆಯ ಒಪ್ಪಿಗೆ ಬರುವವರೆಗೆ ಷರತ್ತಿನ ಮೇಲೆ ಎಂದು ಬರೆದೆ. ಒಪ್ಪಿಗೆ ಪುಷ್ಯದಲ್ಲಿ ಬಂತು. ರದ್ದತಿಯು ಮೃತ ಓಬಳೆಪ್ಪನಿಗೆ ಅನ್ವಯಿಸುತ್ತದೆ, ಜೀವಂತ ಓಬಳೆಪ್ಪನ ಪರವಾನಿಗೆ ಊರ್ಜಿತ, ಜರೀದಾದಲ್ಲಿ ತಿದ್ದುಪಡಿ ಪ್ರಕಟವಾಗುವುದು. ಕೊನೆಯಲ್ಲಿ ಒಂದು ಷರಾ ಇತ್ತು: ‘ಹೇಳಿಕೆಯ ಎರಡನೆಯ ಸಾಲು ಸಾಕ್ಷ್ಯಕ್ಕೆ ಸಾಕು. ಮೊದಲನೆಯ ಸಾಲು ಅಪ್ರಸ್ತುತ.’

ಚೀಟಿಗಳಲ್ಲಿ ನಾನು ಹೊಸದಾಗಿ ಒಂದು ಸಾಲು ಸೇರಿಸಿದೆ: ಉರ್ಫ್. ಸುರಂಗದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಮನೆಯಲ್ಲಿ ತಾಯಿ ಏನೆಂದು ಕರೆಯುತ್ತಾಳೆ ಎಂದು ಕೇಳಿದೆ. ಆ ವಾರ ಗಣಿಯಲ್ಲಿ ನಗುವೋ ನಗು. ಆದೆಪ್ಪನೆಂಬ ಕಟ್ಟುಮಸ್ತಾದ ಆಳು ತನ್ನ ಉತ್ತರವನ್ನು ಜಿಲಾನಸಾಬನಿಗೆ ಕೇಳಿಸದಂತೆ ನನ್ನ ಕಿವಿಯಲ್ಲಿ ಹೇಳಿದ. ಹೇಳದೆ ಹೋದವರು ಯಾರೂ ಇಲ್ಲ.

ಅಳವಂಡಿಯ ಇಬ್ಬರ ಚೀಟಿಗಳು ಅಕಾರಾದಿಯ ಪ್ರಕಾರ ಒಂದರ ಹಿಂದೆ ಒಂದು ಬಂದವು. ಮುಂದಿನದು ‘ಉರ್ಫ್ ಅಜ್ಜಪ್ಪ’, ಕೆಂಪು ಮಸಿಯ ಟಿಪ್ಪಣಿಯೊಡನೆ. ಹಿಂದಿನದು ‘ಉರ್ಫ್ ಮುದಿಯಪ್ಪ’.

ಓಬಳೆಪ್ಪ ಮೊದಲ ಸುರಂಗ ಹಚ್ಚುವ ದಿನ ನಾನು ಗಣಿಯ ಅಂಚಿನಲ್ಲಿ ನಿಂತಿದ್ದೆ. ಹೆಂಗಸರ ಗುಂಪು ದೂರ ಸರಿಯುತ್ತ, “ಮುದಿಯಪ್ಪ ಹಚ್ಚತಾನ, ಸರೀರವ್ವೋ” ಎಂದು ಕೂಗಿತು. ಅವನು ಬತ್ತಿಯ ತುದಿಯನ್ನು ಮೂಸಿದ. ಅಳೆದ, ಕತ್ತರಿಸಿದ. ನಾನು ನಿಗದಿಪಡಿಸಿದ್ದಕ್ಕಿಂತ ಅದು ಒಂದು ಗೇಣು ಉದ್ದವಿತ್ತು. ಬೆಂಕಿ ಹಚ್ಚಿ, ಬೆನ್ನು ತಿರುಗಿಸಿ, ನಡೆದುಕೊಂಡೇ ಬಂದ. ಸಿಡಿದಾಗ ಅವನು ನನ್ನ ಪಕ್ಕದಲ್ಲಿ ಕೂತು ಆಗಲೇ ಬೀಡಿಗೆ ಕೈ ಹಾಕಿದ್ದ.

“ಬತ್ತಿ ಉದ್ದ ಆಯಿತು,” ಎಂದೆ.

“ಹೌದ್ರಿ,” ಎಂದ ಅವನು. “ಬರಕೋರಿ.”